ಮೋಲಿ ಮೀನು ಸತ್ತರೆ ಮನೆಯ ಕಂಟಕ ಕಳೆಯುತ್ತದೆಯೇ? ನಿಜವಾದ ಕಾರಣ ಮತ್ತು ಸಾಕುವ ಸರಿಯಾದ ವಿಧಾನ

ಸಾರಾಂಶ

ಅಕ್ವೇರಿಯಂನಲ್ಲಿ ಮೀನು ಸತ್ತರೆ, ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡಿತು ಎಂಬ ಮಾತು ವಾಟ್ಸಾಪ್ ಸಂದೇಶಗಳಲ್ಲಿ ಹರಿದಾಡುತ್ತಿರುತ್ತದೆ. ಕಪ್ಪು ಮೋಲಿ ಮೀನಿನ ಬಗ್ಗೆಯಂತೂ ಈ ಮಾತು ಇನ್ನೂ ಹೆಚ್ಚು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೊಸ ತೊಟ್ಟಿಯಲ್ಲಿ ಮೀನು ಸಾಯಲು ಅತಿ ಸಾಮಾನ್ಯ ಕಾರಣ ನೀರಿನಲ್ಲಿ ಸೇರಿಕೊಳ್ಳುವ ಅಮೋನಿಯಾ. ಅದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ. ಮೋಲಿ ಸಾಕಣೆಯ ಬಗ್ಗೆ ಹರಡುವ ಹೇಳಿಕೆಗಳಲ್ಲಿ ಯಾವುದು ನಿಜ, ಯಾವುದು ತಪ್ಪು ಎಂದು ಈ ಲೇಖನದಲ್ಲಿ ನೋಡೋಣ.

ಮೋಲಿ ಎಂದರೆ ಯಾವ ಮೀನು?

ಮೋಲಿಗಳು ಗಪ್ಪಿ ಮೀನಿನ ಹತ್ತಿರದ ಸಂಬಂಧಿಗಳು. ಎರಡೂ ಪೊಸಿಲಿಯಾ ಎಂಬ ಕುಲಕ್ಕೆ ಸೇರಿದವು. ಮೋಲಿಗಳ ಮೂಲ ನೆಲೆ ಅಮೆರಿಕದ ದಕ್ಷಿಣ ಭಾಗ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿನ ಹಳ್ಳಗಳಲ್ಲಿ, ಕೊಳಗಳಲ್ಲಿ, ಸಮುದ್ರ ತೀರದ ಸವುಳು ನೀರಿನಲ್ಲಿ ಇವು ಬದುಕುತ್ತವೆ. ಇವು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ.

ಅಂಗಡಿಯಲ್ಲಿ ಸಿಗುವ ಅಚ್ಚ ಕಪ್ಪು ಮೋಲಿ, ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಡಾಲ್ಮೇಷನ್ ಮೋಲಿ, ಗುಂಡು ಹೊಟ್ಟೆಯ ಬಲೂನ್ ಮೋಲಿ ಇವೆಲ್ಲ ಮನುಷ್ಯರು ಆಯ್ದು ಬೆಳೆಸಿದ ತಳಿಗಳು. ಬಲೂನ್ ಮೋಲಿಯ ಗುಂಡು ಹೊಟ್ಟೆ ಕಂಡ ಕೂಡಲೇ ಗರ್ಭ ಎಂದುಕೊಳ್ಳಬೇಡಿ. ಬೆನ್ನೆಲುಬು ಗಿಡ್ಡವಾಗಿ ಬಾಗಿರುವುದರಿಂದ ಅದರ ಗಂಡು ಮೀನಿಗೂ ಅಂಥದೇ ಹೊಟ್ಟೆ ಇರುತ್ತದೆ.

ಚೆನ್ನಾಗಿ ನೋಡಿಕೊಂಡರೆ ಮೋಲಿ 3 ವರ್ಷ, ಕೆಲವೊಮ್ಮೆ 5 ವರ್ಷದವರೆಗೂ ಬದುಕುತ್ತದೆ. ಹಾಗಾದರೆ ಎಷ್ಟೋ ಮನೆಗಳಲ್ಲಿ ಅದು ಒಂದೆರಡು ವಾರದಲ್ಲೇ ಸಾಯುವುದೇಕೆ?

ಹೇಳಿಕೆ 1: ಮೀನು ಸತ್ತರೆ ಮನೆಯ ಕಂಟಕ ಹೋಯಿತು

ತಪ್ಪು. ಮೀನು ಕಿವಿರಿನ ಮೂಲಕ ಮತ್ತು ಮಲದ ಮೂಲಕ ಪ್ರತಿದಿನ ತ್ಯಾಜ್ಯ ಹೊರಹಾಕುತ್ತದೆ. ಈ ತ್ಯಾಜ್ಯದಿಂದ, ಜೊತೆಗೆ ಉಳಿದು ಕೊಳೆಯುವ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅಮೋನಿಯಾ ಮೀನಿಗೆ ವಿಷ. ಅದು ಕಿವಿರನ್ನು ಸುಡುತ್ತದೆ.

ಕೆರೆ, ಹೊಳೆಗಳಲ್ಲಿ ಈ ವಿಷವನ್ನು ಬ್ಯಾಕ್ಟೀರಿಯಾಗಳು ತೆಗೆಯುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿ ಅಷ್ಟೇನೂ ಅಪಾಯವಲ್ಲ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ನೀರು ಬದಲಿಸಿದಾಗಲೂ ಹೊರಹೋಗುತ್ತದೆ.

ಹೊಸದಾಗಿ ತಂದ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳ ಮೇಲೆ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತು ಮೀನು ಬಿಟ್ಟರೆ ಅಮೋನಿಯಾ ಏರುತ್ತಲೇ ಹೋಗುತ್ತದೆ. ಅಮೋನಿಯಾಗೆ ಬಣ್ಣವಿಲ್ಲ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ವಿಷ ಇರಬಹುದು. "ನೀರು ಅಷ್ಟು ಚೆನ್ನಾಗಿತ್ತು, ಆದರೂ ಮೀನು ಸತ್ತಿತು" ಎಂದು ಜನ ಅಚ್ಚರಿಪಡುವುದು, ಅದಕ್ಕೆ ಕಂಟಕದ ಕಾರಣ ಹುಡುಕುವುದು ಇದರಿಂದಲೇ.

ನಂಬಿಕೆ ಮನಸ್ಸಿಗೆ ಸಮಾಧಾನ ಕೊಡಬಹುದು. ಆದರೆ ಮೀನಿನ ಸಾವನ್ನು ಒಳ್ಳೆಯದೇ ಆಯಿತು ಎಂದುಕೊಂಡರೆ ಯಾರೂ ನೀರನ್ನು ಪರೀಕ್ಷಿಸುವುದಿಲ್ಲ. ಅದೇ ನೀರಿಗೆ ಮತ್ತೊಂದು ಮೀನು ಬರುತ್ತದೆ, ಅದೂ ಸಾಯುತ್ತದೆ.

ಏನು ಮಾಡಬೇಕು? ತೊಟ್ಟಿಗೆ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬ್ಯಾಕ್ಟೀರಿಯಾ ಬೆಳೆಯಲು ಬಿಡಿ. ಪರೀಕ್ಷಾ ಕಿಟ್‌ನಲ್ಲಿ ಮೊದಲು ಅಮೋನಿಯಾ, ಆಮೇಲೆ ನೈಟ್ರೈಟ್ ಏರಿ ಎರಡೂ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿಕೊಂಡ ಮೇಲೆ ಒಂದೆರಡು ಮೀನು ತನ್ನಿ. ಪರಿಚಯದವರ ಹಳೆಯ, ರೋಗವಿಲ್ಲದ ತೊಟ್ಟಿಯ ಫಿಲ್ಟರ್ ಸ್ಪಂಜು ಸಿಕ್ಕರೆ ಈ ಕೆಲಸ ಬೇಗ ಆಗುತ್ತದೆ. ಈಗಾಗಲೇ ಮೀನು ಬಿಟ್ಟಾಗಿದ್ದರೆ ಆಹಾರ ಕಡಿಮೆ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ ಕಂಡ ದಿನ ಕಾಲು ಭಾಗ ನೀರು ಬದಲಿಸಿ.

ಹೇಳಿಕೆ 2: ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ ತೊಟ್ಟಿ ತೊಳೆಯಬೇಕು

ತಪ್ಪು. ಪೂರ್ತಿ ನೀರು ತೆಗೆದು, ಕಲ್ಲು ಮತ್ತು ಫಿಲ್ಟರನ್ನು ನಲ್ಲಿ ನೀರಲ್ಲಿ ಉಜ್ಜಿ ತೊಳೆದರೆ ಕಷ್ಟಪಟ್ಟು ನೆಲೆಯೂರಿದ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ನೀರಿನ ಗುಣ ಮತ್ತು ಬಿಸಿ ಒಮ್ಮೆಲೇ ಬದಲಾದಾಗ ಮೀನಿಗೂ ಆಘಾತವಾಗುತ್ತದೆ.

ವಾರಕ್ಕೊಮ್ಮೆ ಸುಮಾರು 25% ನೀರು ಬದಲಿಸಿದರೆ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಗರಸಭೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಕಿವಿರಿಗೂ ಬ್ಯಾಕ್ಟೀರಿಯಾಗಳಿಗೂ ಮಾರಕ. ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಆದರೆ ನೀರಿಗೆ ಕ್ಲೋರಮೈನ್ ಹಾಕಿದ್ದರೆ ಅದು ಹೀಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ಬಳಸುವುದು ಹೆಚ್ಚು ಸುರಕ್ಷಿತ.

ಹೇಳಿಕೆ 3: ಆರ್‌ಒ ನೀರು ಶುದ್ಧ, ಮೀನಿಗೂ ಅದೇ ಒಳ್ಳೆಯದು

ಮೋಲಿಯ ವಿಷಯದಲ್ಲಿ ತಪ್ಪು. ಮೋಲಿಗೆ ಬೇಕಾದದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗಡಸು ನೀರು. ಪಿಎಚ್ 7.5ರಿಂದ 8.2, ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಆರಾಮವಾಗಿರುತ್ತದೆ. ಆರ್‌ಒ ಯಂತ್ರ ಈ ಖನಿಜಗಳನ್ನೇ ಬಹುಪಾಲು ತೆಗೆದುಬಿಡುತ್ತದೆ. ಬರೀ ಆರ್‌ಒ ನೀರಿನಲ್ಲಿಟ್ಟ ಮೋಲಿ ದಿನೇ ದಿನೇ ಸೊರಗುತ್ತದೆ. ಇದ್ದಲ್ಲೇ ನಿಂತು ಹಾವಿನಂತೆ ಮೈ ಓಲಾಡಿಸುವುದು ನೀರು ಒಗ್ಗುತ್ತಿಲ್ಲ ಎಂಬುದರ ಒಂದು ಲಕ್ಷಣ.

ಕರ್ನಾಟಕದ ಬಹಳಷ್ಟು ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ ಎಂದು ನಾವು ಬೈದುಕೊಳ್ಳುವ ಈ ನೀರು ಮೋಲಿಗೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೆ ಒಂದು ಎಚ್ಚರಿಕೆ: ಪಿಎಚ್ ಮತ್ತು ಉಷ್ಣತೆ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ತೀವ್ರವಾಗುತ್ತದೆ. ಹಾಗಾಗಿ ಇಂಥ ನೀರಿನಲ್ಲಿ ಫಿಲ್ಟರ್ ಇಲ್ಲದೆ ಮೋಲಿ ಸಾಕಬಾರದು.

ಹೇಳಿಕೆ 4: ಉಪ್ಪು ಹಾಕದಿದ್ದರೆ ಮೋಲಿ ಬದುಕುವುದಿಲ್ಲ

ಅರ್ಧ ಸತ್ಯ. ಮೋಲಿ ಉಪ್ಪುನೀರನ್ನು ತಡೆದುಕೊಳ್ಳುತ್ತದೆ ನಿಜ. ಹಾಗೆಂದು ಉಪ್ಪು ಅದಕ್ಕೆ ಕಡ್ಡಾಯವಲ್ಲ. ಕಾಡಿನ ಸಿಹಿನೀರ ಹಳ್ಳಗಳಲ್ಲೂ ಅದು ಬದುಕುತ್ತದೆ. ಅಡುಗೆ ಉಪ್ಪಿನಿಂದ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗುವುದಿಲ್ಲ. ತೊಟ್ಟಿಯಲ್ಲಿ ಗಿಡಗಳು ಅಥವಾ ಕೊರಿಡೋರಸ್‌ನಂಥ ಮೀನುಗಳಿದ್ದರೆ ಉಪ್ಪು ಅವಕ್ಕೆ ತೊಂದರೆ. ಇನ್ನೊಂದು ವಿಷಯ: ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ನೀರು ಕಡಿಮೆಯಾದಾಗಲೆಲ್ಲ ಉಪ್ಪು ಬೆರೆಸಿ ತುಂಬಿಸುತ್ತಾ ಹೋದರೆ ಅದರ ಪ್ರಮಾಣ ಏರುತ್ತಲೇ ಇರುತ್ತದೆ.

ಹೇಳಿಕೆ 5: ಚಿಕ್ಕ ಮೀನಿಗೆ ಗಾಜಿನ ಬೌಲ್ ಸಾಕು

ತಪ್ಪು. ಮೇಜಿನ ಮೇಲಿಡುವ ಬೌಲಿನಲ್ಲಿ ಐದಾರು ಲೀಟರ್ ನೀರು ಹಿಡಿದರೆ ಹೆಚ್ಚು. ನೀರು ಕಡಿಮೆ ಇದ್ದಷ್ಟೂ ಅಮೋನಿಯಾ ಬೇಗ ಸಾಂದ್ರವಾಗುತ್ತದೆ, ಉಷ್ಣತೆಯೂ ಬೇಗ ಏರಿಳಿಯುತ್ತದೆ. ನಾಲ್ಕೈದು ಮೋಲಿಗಳಿಗೆ ಕನಿಷ್ಠ 60ರಿಂದ 75 ಲೀಟರ್ ತೊಟ್ಟಿ, ಫಿಲ್ಟರ್ ಮತ್ತು ಮುಚ್ಚಳ ಇರಲಿ. ಮುಚ್ಚಳ ಏಕೆಂದರೆ ಮೋಲಿ ಹಾರಿ ಹೊರಗೆ ಬೀಳುವುದುಂಟು.

ಗಂಡು ಮೀನುಗಳು ಹೆಣ್ಣನ್ನು ಬಿಡದೆ ಅಟ್ಟಿಸಿಕೊಂಡು ಹೋಗುತ್ತವೆ. ಆದ್ದರಿಂದ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರುವಂತೆ ನೋಡಿಕೊಳ್ಳಿ. ಹೊಟ್ಟೆಯ ಕೆಳಗಿನ ಹಿಂಬದಿ ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದರೆ ಗಂಡು, ಬೀಸಣಿಗೆಯಂತೆ ಅಗಲವಾಗಿದ್ದರೆ ಹೆಣ್ಣು.

ಹೇಳಿಕೆ 6: ಗಂಡೇ ಇಲ್ಲದೆ ಮೋಲಿ ಮರಿ ಹಾಕಿತು, ಇದು ಪವಾಡ

ಪವಾಡವಲ್ಲ. ಹೆಣ್ಣು ಮೋಲಿ ಒಮ್ಮೆ ಕೂಡಿದ ಮೇಲೆ ಗಂಡಿನ ವೀರ್ಯಾಣುಗಳನ್ನು ತಿಂಗಳುಗಟ್ಟಲೆ ದೇಹದಲ್ಲಿ ಉಳಿಸಿಕೊಳ್ಳಬಲ್ಲದು. ಅಂಗಡಿಯಲ್ಲಿ ಗಂಡು, ಹೆಣ್ಣು ಒಟ್ಟಿಗೇ ಇರುವುದರಿಂದ ಒಂಟಿ ಹೆಣ್ಣು ತಂದರೂ ಮನೆಯಲ್ಲಿ ಮರಿಯಾಗಬಹುದು. ಗರ್ಭದ ಅವಧಿ ಸುಮಾರು 4 ವಾರ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು. ಒಂದು ಸಲಕ್ಕೆ ಹತ್ತಾರು ಮರಿಗಳು ಹುಟ್ಟುತ್ತವೆ. ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವೆ, ಹೆತ್ತ ತಾಯಿಯೂ ತಿನ್ನುತ್ತದೆ. ದಟ್ಟ ಗಿಡಗಳಿದ್ದರೆ ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ.

ಟೆಕ್ಸಾಸ್ ಮತ್ತು ಈಶಾನ್ಯ ಮೆಕ್ಸಿಕೊದಲ್ಲಿ ಅಮೆಜಾನ್ ಮೋಲಿ ಎಂಬ ಪ್ರಭೇದವಿದೆ. ಅದರಲ್ಲಿ ಇರುವುದೆಲ್ಲ ಹೆಣ್ಣೇ, ಮರಿಗಳೆಲ್ಲ ತಾಯಿಯ ಪಡಿಯಚ್ಚು. 1932ರಲ್ಲಿ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಆದರೆ ಅದಕ್ಕೂ ಮೊಟ್ಟೆ ಬೆಳೆಯಲು ಹತ್ತಿರದ ಪ್ರಭೇದದ ಗಂಡಿನ ವೀರ್ಯಾಣುವಿನ ಪ್ರಚೋದನೆ ಬೇಕೇ ಬೇಕು. ನಮ್ಮ ಅಂಗಡಿಗಳಲ್ಲಿ ಮಾರುವುದು ಈ ಮೀನಲ್ಲ.

ಹೇಳಿಕೆ 7: ಬಿಳಿ ಚುಕ್ಕೆ ಬಂದರೆ ಆಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ಹಾಕಿ

ತಪ್ಪು, ಅಪಾಯಕಾರಿಯೂ ಹೌದು. ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ತರುವುದು ಒಂದು ಪರೋಪಜೀವಿ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಅಂದರೆ ರೋಗ ಹಾಗೇ ಉಳಿಯುತ್ತದೆ, ಅಮೋನಿಯಾ ತೆಗೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳಬಹುದು. ಆ ನೀರನ್ನು ಚರಂಡಿಗೆ ಚೆಲ್ಲಿದಾಗ ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಅರಿಶಿನ ಪುಡಿಯನ್ನು ತೊಟ್ಟಿಗೆ ಸುರಿಯುವುದೂ ಬೇಡ. ಅದು ತಳದಲ್ಲಿ ಕೂತು ನೀರನ್ನು ಕೆಡಿಸುತ್ತದೆ.

ಬಿಳಿ ಚುಕ್ಕೆಗೆಂದೇ ಇರುವ ಔಷಧಿಯನ್ನು ಬಾಟಲಿಯ ಮೇಲೆ ಹೇಳಿದಷ್ಟು ದಿನ ಬಳಸಿ. ಈ ಜೀವಿ ಚರ್ಮದ ಒಳಗಿದ್ದಾಗ ಔಷಧಿ ತಾಗುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮತ್ತೆ ಬರುವುದು ಇದಕ್ಕೇ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿದರೆ ರೋಗ ಒಳಗೆ ಬರುವುದನ್ನೇ ತಡೆಯಬಹುದು.

ನಿಮ್ಮ ಆರೋಗ್ಯಕ್ಕೂ ಒಂದು ಮಾತು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯೊಳಗೆ ಕೈ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿ, ವಾರಗಳ ನಂತರ ಮಾಯದ ಗಂಟು ತರಬಹುದು. ಅಂಥದ್ದು ಕಂಡರೆ, ಅಕ್ವೇರಿಯಂ ಇದೆ ಎಂದು ವೈದ್ಯರಿಗೆ ಹೇಳಿ. ಪೈಪಿನಿಂದ ನೀರು ತೆಗೆಯುವಾಗ ಬಾಯಿಂದ ಎಳೆಯಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಆಹಾರ ಎಷ್ಟು? ಕರೆಂಟ್ ಹೋದರೆ?

ಮೋಲಿ ಪಾಚಿ, ಸೊಪ್ಪು, ಹುಳು ಎಲ್ಲ ತಿನ್ನುತ್ತದೆ. ಅಂಗಡಿಯ ಆಹಾರದ ಜೊತೆಗೆ ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್, ಸೌತೆಕಾಯಿ ಚೂರು, ಸಿಪ್ಪೆ ತೆಗೆದ ಬೇಯಿಸಿದ ಬಟಾಣಿ ಆಗಾಗ ಕೊಡಬಹುದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ, ದಿನಕ್ಕೆ ಒಂದೆರಡು ಸಲ ಸಾಕು. ಅನ್ನ, ಬ್ರೆಡ್, ಬಿಸ್ಕತ್ತು ಬೇಡ. ಗಾಜಿನ ಹತ್ತಿರ ಓಡಿ ಬಂದ ಮಾತ್ರಕ್ಕೆ ಹಸಿದಿದೆ ಎಂದಲ್ಲ, ಊಟ ಕೊಡುವವರನ್ನು ಮೀನು ಗುರುತಿಟ್ಟುಕೊಳ್ಳುತ್ತದೆ.

ಗಂಟೆಗಟ್ಟಲೆ ಕರೆಂಟ್ ಹೋದರೆ ಆಹಾರ ಹಾಕಬೇಡಿ. ಬ್ಯಾಟರಿಯಿಂದ ಓಡುವ ಏರ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತೊಟ್ಟಿಯ ನೀರನ್ನೇ ಲೋಟದಲ್ಲಿ ತೆಗೆದು ಮೇಲಿಂದ ಸುರಿಯುತ್ತಿರಿ. ಇದರಿಂದ ನೀರಿಗೆ ಗಾಳಿ ಸೇರುತ್ತದೆ.

ಹೇಳಿಕೆ 8: ಮರಿಗಳು ಹೆಚ್ಚಾದರೆ ಕೆರೆಗೆ ಬಿಡಿ, ಪುಣ್ಯ ಬರುತ್ತದೆ

ಹೀಗೆ ಮಾಡಬೇಡಿ. ಹೊರದೇಶದ ಮೀನು ನಮ್ಮ ಕೆರೆಯಲ್ಲಿ ನೆಲೆಯೂರಿದರೆ ಸ್ಥಳೀಯ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ, ಜೊತೆಗೆ ರೋಗಗಳನ್ನೂ ಒಯ್ಯುತ್ತದೆ. ಅಕ್ವೇರಿಯಂ ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು ಭಾರತದ ಹಲವು ಕೆರೆ, ನದಿಗಳಲ್ಲಿ ಈಗ ಮೀನುಗಾರರ ಬಲೆಗೆ ತಲೆನೋವಾಗಿದೆ. ಹೆಚ್ಚಾದ ಮರಿಗಳನ್ನು ಪರಿಚಯದವರಿಗೆ ಅಥವಾ ಅಂಗಡಿಗೆ ಕೊಡಿ. ಮರಿಗಳೇ ಬೇಡವೆನಿಸಿದರೆ ಗಂಡು ಮೀನುಗಳನ್ನು ಮಾತ್ರ ಸಾಕಿ.

ಕೊನೆಯದಾಗಿ

ಮೋಲಿ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿದೆಯೇ? ರೆಕ್ಕೆ ಮುದುರಿ ಮೂಲೆ ಸೇರಿದೆಯೇ? ಕಿವಿರು ಕೆಂಪಾಗಿದೆಯೇ? ಮೊದಲು ನೀರನ್ನು ಪರೀಕ್ಷಿಸಿ, ಕಾಲು ಭಾಗ ಬದಲಿಸಿ. ಕಂಟಕದ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಈ ನಾಲ್ಕು ಸಾಲು ಕಳುಹಿಸಿ:

* ಮೀನು ಸತ್ತರೆ ಮೊದಲು ಅಮೋನಿಯಾ ಪರೀಕ್ಷಿಸಿ.
* ಹೊಸ ತೊಟ್ಟಿಯಲ್ಲಿ ಮೀನು ಬಿಡುವ ಮೊದಲು 4ರಿಂದ 6 ವಾರ ಫಿಲ್ಟರ್ ಓಡಿಸಿ.
* ವಾರಕ್ಕೆ ಕಾಲು ಭಾಗ ನೀರು ಮಾತ್ರ, ಕ್ಲೋರಿನ್ ತೆಗೆದು ಬದಲಿಸಿ.
* ಕೆರೆಗೆ ಮೀನು ಬಿಡಬೇಡಿ, ತೊಟ್ಟಿಗೆ ಆಂಟಿಬಯೋಟಿಕ್ ಹಾಕಬೇಡಿ.