ಮುಖ ಓದುವ ಮಿದುಳು

2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರು ಮಡಿಕೇರಿಯ ಪರಿಹಾರ ಕೇಂದ್ರಗಳಲ್ಲಿದ್ದರು. ಡೆಸ್ಕ್‌ನಿಂದ ನನಗೆ ಬಂದ ಸೂಚನೆ: ಅಳುತ್ತಿರುವವರ ಫೋಟೊ ಕಳಿಸಿ. ಗೋಡೆಗೊರಗಿ ಕೂತಿದ್ದ ಅಜ್ಜರೊಬ್ಬರ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ. ಅವರನ್ನು ದಾಟಿ ಹೋದೆ. ಅವರ ಮನೆ, ತೋಟ ಎರಡೂ ಹೋಗಿವೆ ಎಂದು ಸಂಜೆ ತಿಳಿಯಿತು.

ಮುಖ ನೋಡಿ ಮನಸ್ಸು ಅಳೆಯುವ ಈ ಅಭ್ಯಾಸವನ್ನು ವಿಜ್ಞಾನ ಬಹಳ ಹಿಂದಿನಿಂದ ಕೆದಕುತ್ತಿದೆ. ಅಚ್ಚರಿಯಾದಾಗ ನಿಮ್ಮಲ್ಲಿನ ಜನ ಹುಬ್ಬೇರಿಸುತ್ತಾರೆಯೇ ಎಂಬಂಥ ಪ್ರಶ್ನೆಗಳನ್ನು ಚಾರ್ಲ್ಸ್ ಡಾರ್ವಿನ್ 1867ರಲ್ಲಿ ಹಲವು ದೇಶಗಳಿಗೆ ಕಳಿಸಿದ್ದರು. ಕಲ್ಕತ್ತದ ಸಸ್ಯೋದ್ಯಾನದಿಂದಲೂ ಮಾಹಿತಿ ಹೋಗಿತ್ತು. ಮುಖ್ಯ ಭಾವನೆಗಳು ಎಲ್ಲ ಮನುಷ್ಯರ ಮುಖದಲ್ಲೂ ಬಹುಮಟ್ಟಿಗೆ ಒಂದೇ ರೀತಿ ಮೂಡುತ್ತವೆ ಎಂದು 1872ರ ಪುಸ್ತಕದಲ್ಲಿ ಅವರು ವಾದಿಸಿದರು.

ಇವನ್ನು ಮಿದುಳು ಗುರುತಿಸುವುದು ಹೇಗೆ? 1994ರಲ್ಲಿ ಅಮೆರಿಕದಿಂದ ಒಂದು ಸುಳಿವು ಬಂತು. ಮಿದುಳಿನೊಳಗೆ ಎಡಕ್ಕೊಂದು, ಬಲಕ್ಕೊಂದು ಬಾದಾಮಿಯಾಕಾರದ ಅಮಿಗ್ಡಲಾ ಇರುತ್ತದೆ. ಅವೆರಡೂ ಹಾಳಾಗಿದ್ದ ಮಹಿಳೆಯೊಬ್ಬರಿಗೆ ಪರಿಚಿತರ ಗುರುತು ಸಿಗುತ್ತಿತ್ತು. ಆದರೆ ಇನ್ನೊಬ್ಬರ ಮುಖದ ಭಯ ಗೊತ್ತಾಗುತ್ತಿರಲಿಲ್ಲ. 2005ರಲ್ಲಿ ಕಾರಣ ತಿಳಿಯಿತು: ಆಕೆ ಎದುರಿನವರ ಕಣ್ಣುಗಳನ್ನೇ ನೋಡುತ್ತಿರಲಿಲ್ಲ. ಕಣ್ಣು ನೋಡಿ ಎಂದು ಹೇಳಿದಾಗ ಭಯವನ್ನು ಗುರುತಿಸಿದರು.

ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸುತ್ತಿದ್ದುದು ಪಾಶ್ಚಾತ್ಯರ ಫೋಟೊ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಭಾರತೀಯ ನಟರ ಫೋಟೊ, ವಿಡಿಯೊಗಳಿಂದ ‘ಟ್ರೆಂಡ್ಸ್’ ಎಂಬ ಪರೀಕ್ಷೆ ರೂಪಿಸಿ 2008ರಲ್ಲಿ ಪ್ರಕಟಿಸಿದರು. ಸ್ಕಿಜೋಫ್ರೇನಿಯಾ ಇರುವವರಿಗೆ ಇತರರ ಮುಖಭಾವ ಓದುವುದು ಕಷ್ಟ. ಔಷಧಿಯ ಜೊತೆ ಯೋಗಾಭ್ಯಾಸ ಮಾಡಿದವರಲ್ಲಿ ಈ ಸಾಮರ್ಥ್ಯ ಸುಧಾರಿಸಿದ್ದನ್ನು ಅಲ್ಲಿನ ಸಂಶೋಧಕರು ಇದೇ ಪರೀಕ್ಷೆಯಿಂದ ಕಂಡುಕೊಂಡರು.

ನನ್ನನ್ನು ಹೆಚ್ಚು ಕಾಡಿದ್ದು 1990ರ ದಶಕದ ಇನ್ನೊಂದು ಅಧ್ಯಯನ. ಈ ಕಾಯಿಲೆಯಿದ್ದವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿದಾಗ ಅವರ ಮುಖದಲ್ಲಿ ಕಂಡ ಭಾವನೆ ಕಡಿಮೆ. ಆದರೆ ತಮಗೆ ಏನನ್ನಿಸಿತು ಎಂದು ಅವರು ಹೇಳಿಕೊಂಡದ್ದು ಇತರರಷ್ಟೇ ತೀವ್ರವಾಗಿತ್ತು. ಕಾಯಿಲೆ ಇಲ್ಲದವರ ಮುಖವೂ ಆಘಾತದಲ್ಲಿ ಮರಗಟ್ಟಬಹುದು.

ಅಜ್ಜರಿಗೆ ದುಃಖವಿರಲಿಲ್ಲ ಎಂದಲ್ಲ, ನನ್ನ ಓದು ತಪ್ಪಿತ್ತು. ಈಗ ಅನಾಹುತದ ಜಾಗಕ್ಕೆ ಹೋದರೆ ಕ್ಯಾಮೆರಾ ಚೀಲದಲ್ಲೇ ಇಟ್ಟು, ಸುಮ್ಮನೆ ಕೂತವರ ಪಕ್ಕ ಮೊದಲು ಕೂರುತ್ತೇನೆ. ಅವರು ಮಾತಾಡಿದರೆ ಬರೆದುಕೊಳ್ಳುತ್ತೇನೆ.