ಪುಸ್ತಕ ಕಾಯುವವರನ್ನು ಕಾಯುವವರು ಯಾರು?

2020ರ ಮಾರ್ಚ್ ಕೊನೆಯಲ್ಲಿ ನಿಮ್ಮೂರಿನ ಗ್ರಂಥಾಲಯಕ್ಕೆ ಬೀಗ ಬಿದ್ದದ್ದು ನೆನಪಿದೆಯಾ? ದಾವಣಗೆರೆ ಪೇಟೆಯಲ್ಲೂ ಅಷ್ಟೇ, ಹರಿಹರ ತಾಲ್ಲೂಕಿನ ಕೊಂಡಜ್ಜಿ, ಭಾನುವಳ್ಳಿಯಂಥ ಊರುಗಳಲ್ಲೂ ಅಷ್ಟೇ. ಪೇಪರ್ ಓದುವ ಹಿರಿಯರು, ಪರೀಕ್ಷೆಗೆ ಓದುವ ಹುಡುಗರು ಹೊರಗೆ ಉಳಿದರು. ಆದರೆ ದಿನಾ ಆ ಬೀಗ ತೆಗೆಯುತ್ತಿದ್ದವರ ಪಾಡೇನು ಎಂದು ನಾವು ಯಾರೂ ಅಷ್ಟಾಗಿ ಕೇಳಲಿಲ್ಲ. ಈ ಬರಹ ಅವರ ಬಗ್ಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ದಾವಣಗೆರೆ, ಹರಿಹರ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು, ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಶುರುವಾದವು. ಅವು ಕಣ್ಣು ಬಿಡುವ ಹೊತ್ತಿಗೇ, 1918ರಲ್ಲಿ, ಇನ್‌ಫ್ಲುಯೆಂಜಾ ಬಂತು. ದೇಶದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು. ಆಗ ನಮ್ಮ ದೇಶದ ಗ್ರಂಥಪಾಲಕರಿಗೆಲ್ಲ ಸೇರಿ ಒಂದು ಸಂಘ ಇರಲಿಲ್ಲ. ಅಮೆರಿಕದವರು 1876ರಲ್ಲೇ ಸಂಘ ಕಟ್ಟಿಕೊಂಡಿದ್ದರು. ನಮ್ಮಲ್ಲಿ ಮದ್ರಾಸ್ ಗ್ರಂಥಾಲಯ ಸಂಘ 1928ರಲ್ಲಿ, ಭಾರತೀಯ ಗ್ರಂಥಾಲಯ ಸಂಘ 1933ರಲ್ಲಿ ಹುಟ್ಟಿದವು.

ಹಾಗಾದರೆ ಕೊರೋನಾ ಬಂದಾಗ ಇಂಥ ಸಂಘ, ಸಂಸ್ಥೆಗಳು ಮಾಡಿದ್ದೇನು? ಮುಖ್ಯವಾಗಿ ಮೂರು ಕೆಲಸ ಕಾಣುತ್ತವೆ.

ಒಂದು, ಧೈರ್ಯವಾಗಿ ‘ಮುಚ್ಚಿ’ ಎಂದು ಹೇಳುವುದು. 2020ರ ಮಾರ್ಚ್ 17ರಂದು ಅಮೆರಿಕದ ಗ್ರಂಥಾಲಯ ಸಂಘವು ಸಾರ್ವಜನಿಕರಿಗೆ ಬಾಗಿಲು ಮುಚ್ಚುವುದೇ ಒಳ್ಳೆಯದು ಎಂದಿತು. ಒಬ್ಬ ನೌಕರ ಹೇಳಿದರೆ ನೆಪ ಎನ್ನುತ್ತಾರೆ, ಸಂಘ ಹೇಳಿದರೆ ಕೇಳುತ್ತಾರೆ.

ಎರಡು, ತಿಳಿವಳಿಕೆ. ವಾಪಸ್ ಬಂದ ಪುಸ್ತಕ ಮುಟ್ಟಿದರೆ ರೋಗ ಬರುತ್ತದೆಯೇ ಎಂಬ ಭಯ ಎಲ್ಲರಿಗೂ ಇತ್ತು. ಓಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರ ಸಂಸ್ಥೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿತು. ಬಿಡಿಯಾಗಿ ಇಟ್ಟ ಪುಸ್ತಕದಲ್ಲಿ ಮೂರು ದಿನದ ನಂತರ ವೈರಾಣು ಕಾಣಲಿಲ್ಲ. ಒಂದರ ಮೇಲೊಂದು ಪೇರಿಸಿಟ್ಟರೆ ಆರು ದಿನ ಕಳೆದರೂ ಕಂಡಿತು. ನಮ್ಮ ದೇಶದ ಸಂಘಗಳೂ ವೆಬಿನಾರ್ ನಡೆಸಿ, ಮನೆಯಲ್ಲಿದ್ದ ಗ್ರಂಥಪಾಲಕರಿಗೆ ಡಿಜಿಟಲ್ ಕೆಲಸ ಕಲಿಸಿದವು.

ಮೂರು, ಕೈ ಖಾಲಿಯಾದವರಿಗೆ ನೆರವು. ಕೆಲಸ ಕಳೆದುಕೊಂಡ ಗ್ರಂಥಾಲಯ ನೌಕರರಿಗಾಗಿ ಅಮೆರಿಕದಲ್ಲಿ ನಿಧಿ ಕೂಡಿಸಿ ಸಣ್ಣ ಮೊತ್ತ ಹಂಚಿದರು.

ಈಗ ತುಂಗಭದ್ರೆಯ ದಡಕ್ಕೆ ಬರೋಣ. 1965ರ ಕಾಯ್ದೆಯಿಂದ ನಮ್ಮಲ್ಲಿ ಗ್ರಂಥಾಲಯ ಕರ ಬಂತು. ಮನೆ ಕಂದಾಯದ ಜೊತೆ ನಾವೆಲ್ಲ ಅದನ್ನು ಕಟ್ಟುತ್ತೇವೆ. ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಅಲ್ಲಿ ಕೂರುವವರನ್ನು ಮೇಲ್ವಿಚಾರಕರು ಎನ್ನುತ್ತಾರೆ. ಬಹಳ ಕಡೆ ಬೀಗ ತೆಗೆಯುವವರೂ ಅವರೇ, ಕಸ ಗುಡಿಸುವವರೂ ಅವರೇ. ಸಿಗುತ್ತಿದ್ದದ್ದು ಸಂಬಳವಲ್ಲ, ಗೌರವಧನ.

2020ರ ನವೆಂಬರ್‌ನಲ್ಲಿ ಶಾಲೆಗಳು ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಆಗ ‘ಓದುವ ಬೆಳಕು’ ಕಾರ್ಯಕ್ರಮ ಬಂತು. ಊರಿನ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು, ಲಕ್ಷಾಂತರ ಮಕ್ಕಳು ಸೇರಿದರು. ಅಷ್ಟೂ ಮಕ್ಕಳ ಹೆಸರು ಬರೆದು, ಪುಸ್ತಕ ಕೊಟ್ಟು, ವಾಪಸ್ ಪಡೆದವರು ಇದೇ ಮೇಲ್ವಿಚಾರಕರು. ರೋಗದ ನಡುವೆ ಮಕ್ಕಳ ಓದು ನಿಲ್ಲದಂತೆ ನೋಡಿಕೊಂಡವರಿಗೆ ಒಂದು ವಾರ ಜ್ವರ ಬಂದರೆ ಬದಲಿಗೆ ಕೂರಲು ಇನ್ನೊಬ್ಬರಿಲ್ಲ.

ಅವರಿಗೂ ಸಂಘವಿದೆ. ಆದರೆ ಅದು ವರ್ಷಗಟ್ಟಲೆ ಕೇಳುತ್ತಾ ಬಂದದ್ದು ವೆಬಿನಾರ್ ಅಲ್ಲ. ಕನಿಷ್ಠ ವೇತನ, ಕೆಲಸದ ಭದ್ರತೆ. ನಮಗೆ ಇಲ್ಲೇ ಇತಿಹಾಸದ ಪಾಠ ಕಾಣುತ್ತದೆ. ಬಾವಿಯನ್ನು ಬೆಂಕಿ ಬಿದ್ದ ಮೇಲೆ ತೋಡಲಾಗದು. ಕೈಯಲ್ಲಿ ಸರಿಯಾದ ಸಂಬಳ, ಕಾಯಿಲೆ ಬಂದರೆ ರಜೆ, ಬದಲಿಗೆ ಒಬ್ಬ ಮನುಷ್ಯ ಇದ್ದಿದ್ದರೆ ಅದೇ ಅವರಿಗೆ ದೊಡ್ಡ ಆಸರೆ ಆಗುತ್ತಿತ್ತು. ರೋಗ ಬರುವ ಮುಂಚೆ ಸಂಘ ಗೆದ್ದುಕೊಡುವುದೇ ರೋಗ ಬಂದಾಗ ಕೈ ಹಿಡಿಯುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ನಾವು ಕಟ್ಟಿದ ಗ್ರಂಥಾಲಯ ಕರ ಎಲ್ಲಿಗೆ ಹೋಯಿತು, ನಮ್ಮ ಮೇಲ್ವಿಚಾರಕರಿಗೆ ಈ ತಿಂಗಳ ಹಣ ಬಂತಾ?