ಇಳಿವಯಸ್ಸಿನ ಸಂತಾನವೂ ಮುಮ್ಮಡಿ ಕೃಷ್ಣರಾಜರ ದತ್ತಸ್ವೀಕಾರವೂ

ಗೃಹಸ್ಥಾಶ್ರಮವನ್ನು ಹೊಕ್ಕವರನ್ನು ಕಾಡುವ ಚಿಂತೆಗಳಲ್ಲಿ ಸಂತಾನದ ಚಿಂತೆಯೇ ಮೊದಲನೆಯದು. ಯೌವನದಲ್ಲಿ ಅದು ಆಸೆಯ ರೂಪದಲ್ಲಿರುವುದು; ವಯಸ್ಸು ಇಳಿದಂತೆ ವಿಚಾರದ ರೂಪವನ್ನು ತಾಳುವುದು. ತಂಬ್ರಹಳ್ಳಿಯ ಬಂಡೆ ರಂಗನಾಥನ ಸನ್ನಿಧಿಯಲ್ಲಾಗಲಿ, ಕೊಟ್ಟೂರೇಶ್ವರನ ತೇರಿನಲ್ಲಾಗಲಿ, ಮೈಲಾರಲಿಂಗನ ಜಾತ್ರೆಯಲ್ಲಾಗಲಿ ಹರಕೆ ಹೊರುವವರ ನಡುವೆ ತಲೆ ನರೆತ ದಂಪತಿಗಳೂ ಇರುವುದುಂಟು. ಹಿಂದೆ ಇಂತಹವರು ದೇವರ ಮೇಲೆ ಭಾರ ಹಾಕಿ ಸುಮ್ಮನಿರುತ್ತಿದ್ದರು. ಇಂದು ವೈದ್ಯಶಾಸ್ತ್ರವು ಬೆಳೆದು, ನಲವತ್ತು ದಾಟಿದವರಿಗೂ ದಾರಿಯುಂಟೆಂದು ಹೇಳುತ್ತಿರುವುದರಿಂದ, 'ಈ ವಯಸ್ಸಿನಲ್ಲಿ ಮಗುವನ್ನು ಬಯಸುವುದು ಯುಕ್ತವೋ ಅಲ್ಲವೋ' ಎಂಬ ನಿರ್ಣಯವು ದಂಪತಿಗಳ ಹೆಗಲ ಮೇಲೆಯೇ ಬಿದ್ದಿರುವುದು. ಈ ಪ್ರಶ್ನೆಯು ಹೊಸದಲ್ಲ. ಕನ್ನಡನಾಡಿನ ಇತಿಹಾಸದಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ಮಗುವನ್ನು ಮಡಿಲಿಗೆ ತೆಗೆದುಕೊಂಡ ಒಬ್ಬ ದೊರೆಯ ನಿದರ್ಶನವಿದ್ದು, ಅದನ್ನು ಪರಿಶೀಲಿಸಿದರೆ ಪ್ರಶ್ನೆಯ ತಿರುಳು ಎಲ್ಲಿದೆಯೆಂಬುದು ತಿಳಿಯದಿರದು.

ನಮ್ಮ ಪೂರ್ವಿಕರು ಈ ವಿಷಯವನ್ನು ಬಹಳವಾಗಿ ಆಲೋಚಿಸಿದ್ದರು. ಧರ್ಮಶಾಸ್ತ್ರಗಳು ಔರಸ, ದತ್ತಕ ಮೊದಲಾಗಿ ಹನ್ನೆರಡು ಬಗೆಯ ಪುತ್ರರನ್ನು ಎಣಿಸುವುವು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ ಈ ವಿಷಯದ ವಿವೇಚನೆಯಿದೆ. ತರುವಾಯ ನಂದಪಂಡಿತನು ದತ್ತಕಮೀಮಾಂಸೆ ಎಂಬ ಗ್ರಂಥವನ್ನೇ ಬರೆದನು. ಒಬ್ಬನೇ ಮಗನಿರುವವನು ಅವನನ್ನು ದತ್ತು ಕೊಡಬಾರದೆಂಬ ನಿಯಮವು ಎಷ್ಟು ಮರುಕದಿಂದ ಕೂಡಿದುದು! ಪಡೆಯುವವನ ಮನೆ ತುಂಬಬೇಕಾದರೂ ಕೊಡುವವನ ಮನೆ ಬರಿದಾಗಬಾರದು. ಇನ್ನು ಪುರಾಣೇತಿಹಾಸಗಳಲ್ಲಿ ದಶರಥನ ಕಥೆಯನ್ನು ಅರಿಯದವರಾರು? ಮುಪ್ಪಿನಲ್ಲಿ ಪುತ್ರಕಾಮೇಷ್ಟಿಯಿಂದ ಮಕ್ಕಳನ್ನು ಪಡೆದ ಆತನು, ವಿಶ್ವಾಮಿತ್ರರು ರಾಮನನ್ನು ಕೇಳಿದಾಗ ನಡುಗಿದನು; ಕಡೆಗೆ ಆ ಮಗನ ಪಟ್ಟಾಭಿಷೇಕವನ್ನು ಕಾಣದೆಯೇ ಕಣ್ಣುಮುಚ್ಚಿದನು. ಇಳಿವಯಸ್ಸಿನ ತಂದೆಯ ಸುಖವೂ ದುಃಖವೂ ಈ ಒಂದು ಕಥೆಯಲ್ಲಿಯೇ ಅಡಗಿರುವುವು.

ತಂಬ್ರಹಳ್ಳಿಯ ಸೀಮೆಗೂ 'ದತ್ತ'ಶಬ್ದಕ್ಕೂ ಒಂದು ನಂಟುಂಟು. 1800ನೆಯ ಇಸವಿಯಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಪ್ರಾಂತಗಳನ್ನು ಕುಂಪಣಿಯವರಿಗೆ ಬಿಟ್ಟುಕೊಟ್ಟುದರಿಂದ ಈ ನಾಡಿಗೆ ದತ್ತಮಂಡಲವೆಂದೇ ಹೆಸರಾಯಿತು. ಇದರ ಮಗ್ಗುಲಲ್ಲಿದ್ದ ಸಂಡೂರಿನ ಘೋರ್ಪಡೆ ಸಂಸ್ಥಾನವು ದತ್ತಕದಿಂದಲೇ ಉಳಿದು ಬಂದುದು. 1796ರಲ್ಲಿ ಸಿದ್ದೋಜಿಯು ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳಲು, ಆತನ ವಿಧವೆಯು ಜ್ಞಾತಿಗಳ ಕುಮಾರನಾದ ಶಿವರಾಯನನ್ನು ದತ್ತು ತೆಗೆದುಕೊಂಡಳು. 1840ರಲ್ಲಿ ಆ ಶಿವರಾಯನ ತರುವಾಯ ಗದ್ದಿಗೆಗೆ ಬಂದ ವೆಂಕಟರಾಯನೂ ದತ್ತಪುತ್ರನೇ. ಆದರೆ ಎಲ್ಲೆಡೆಯೂ ಹೀಗೆ ನಿರ್ವಿಘ್ನವಾಗಿ ನಡೆಯಲಿಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಮರಣಶಯ್ಯೆಯಲ್ಲಿ ಮಾಡಿಕೊಂಡ ದತ್ತಕವನ್ನು ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ಅದರ ಫಲವಾಗಿ ಯುದ್ಧವೇ ನಡೆದು, ಥ್ಯಾಕರೆಯು ಮಡಿದನು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ಪ್ರಾಣಬಿಟ್ಟಳು. ಕಡೆಯ ಗಳಿಗೆಯವರೆಗೆ ಮುಂದೂಡಿದ ನಿರ್ಣಯವು ಎದುರಾಳಿಯ ಸಂಶಯಕ್ಕೆ ಎಷ್ಟು ಸುಲಭವಾಗಿ ಎಡೆಗೊಡುವುದೆಂಬುದಕ್ಕೆ ಕಿತ್ತೂರೇ ಸಾಕ್ಷಿ.

ಇದೇ ಸಂಕಟವು ಮೈಸೂರಿನಲ್ಲಿ ಇನ್ನೂ ದೊಡ್ಡದಾಗಿ ತಲೆದೋರಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1794ನೆಯ ಇಸವಿ ಜುಲೈ 14ರಂದು ಜನಿಸಿದವರು. ಶ್ರೀರಂಗಪಟ್ಟಣವು ಬಿದ್ದ ಬಳಿಕ 1799ರಲ್ಲಿ, ಐದು ತುಂಬುವ ಮೊದಲೇ ಅವರಿಗೆ ಪಟ್ಟವಾಯಿತು. ನಗರದ ದಂಗೆಯ ನೆಪದಿಂದ 1831ರಲ್ಲಿ ಕುಂಪಣಿಯವರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮಹಾರಾಜರು ಹೆಸರಿಗೆ ಮಾತ್ರ ದೊರೆಗಳಾಗಿ, ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಆಶ್ರಯವಿತ್ತು ಕಾಲ ಕಳೆದರು. ಅಧಿಕಾರವನ್ನು ಮರಳಿ ಪಡೆಯಬೇಕೆಂಬ ಆಸೆಯನ್ನು ಮಾತ್ರ ಬಿಡಲಿಲ್ಲ. ಆದರೆ ಪಟ್ಟಕ್ಕೆ ಅರ್ಹನಾದ ಔರಸಪುತ್ರನಿರಲಿಲ್ಲ. ಅಲಮೇಲಮ್ಮನ ಶಾಪದ ಐತಿಹ್ಯವನ್ನು ಜನರು ನೆನೆಯುತ್ತಿದ್ದರು. ಐತಿಹ್ಯವು ಹೇಗಿದ್ದರೂ ಮಹಾರಾಜರ ಎದುರಿಗಿದ್ದ ಕಷ್ಟವು ರಾಜಕೀಯದ್ದು.

1799ರ ಒಪ್ಪಂದದಲ್ಲಿ ಮಹಾರಾಜರ ಉತ್ತರಾಧಿಕಾರಿಗಳ ಪ್ರಸ್ತಾಪವಿರಲಿಲ್ಲವೆಂದೂ, ಆದುದರಿಂದ ಅದು ಅವರೊಬ್ಬರ ಜೀವಮಾನಕ್ಕೆ ಸಂಬಂಧಿಸಿದುದೆಂದೂ ಆಂಗ್ಲ ಅಧಿಕಾರಿಗಳಲ್ಲಿ ಹಲವರು ವಾದಿಸಿದರು. ಅದೇ ಒಪ್ಪಂದವು ಸೂರ್ಯಚಂದ್ರರಿರುವವರೆಗೆ ನಡೆಯತಕ್ಕದ್ದೆಂದು ಬರೆದಿರುವುದಲ್ಲವೇ ಎಂದು ಪ್ರತಿವಾದಿಗಳು ಕೇಳಿದರು. ಆಚಂದ್ರಾರ್ಕವೆಂಬ ಮಾತನ್ನು ಶಾಸನಗಳಲ್ಲಿ ಕಂಡ ಕನ್ನಡಿಗರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟರಲ್ಲಿ ಲಾರ್ಡ್ ಡಾಲ್‌ಹೌಸಿಯು ಔರಸಪುತ್ರರಿಲ್ಲದ ಸಂಸ್ಥಾನಗಳನ್ನು ಸೇರಿಸಿಕೊಳ್ಳುವ ನೀತಿಯನ್ನು ಹಿಡಿದು, 1848ರಲ್ಲಿ ಸತಾರೆಯನ್ನೂ 1854ರಲ್ಲಿ ಝಾನ್ಸಿ ನಾಗಪುರಗಳನ್ನೂ ನುಂಗಿದನು. 1857ರ ದಂಗೆಯ ತರುವಾಯ ಆ ನೀತಿಯನ್ನು ಕೈಬಿಟ್ಟು, 1862ರಲ್ಲಿ ದೇಶೀಯ ಅರಸರಿಗೆ ದತ್ತಕದ ಸನ್ನದುಗಳನ್ನು ಕೊಟ್ಟರು. ಮೈಸೂರಿಗೆ ಮಾತ್ರ ಸನ್ನದು ಬರಲಿಲ್ಲ. ವೃದ್ಧ ಮಹಾರಾಜರು ತೀರಿಕೊಂಡರೆ ರಾಜ್ಯವು ತಾನಾಗಿಯೇ ಕೈಸೇರುವುದೆಂಬ ನಿರೀಕ್ಷೆಯು ಮೇಲಿನವರಲ್ಲಿದ್ದಿತು. ಇಂತಹ ಸ್ಥಿತಿಯಲ್ಲಿ ಮಗುವೊಂದನ್ನು ತಂದು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸಾಮಾನ್ಯವಾದ ಗೃಹಕೃತ್ಯವಾಗಿರಲಿಲ್ಲ.

1865ನೆಯ ಇಸವಿ ಜೂನ್ 18ರಂದು ಮಹಾರಾಜರು ನಿರ್ಣಯವನ್ನು ಮಾಡಿಯೇ ಬಿಟ್ಟರು. ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜೇ ಅರಸಿನವರ ಮೂರನೆಯ ಕುಮಾರನನ್ನು ದತ್ತು ತೆಗೆದುಕೊಂಡು, ಚಾಮರಾಜೇಂದ್ರ ಒಡೆಯರೆಂದು ಕರೆದರು. ಮೂರನೆಯ ಮಗನಾದುದರಿಂದ ಏಕಪುತ್ರನನ್ನು ಕೊಡಬಾರದೆಂಬ ಶಾಸ್ತ್ರನಿಯಮಕ್ಕೂ ಭಂಗವಿರಲಿಲ್ಲ. ತಂದೆಗೆ ಎಪ್ಪತ್ತೊಂದನೆಯ ವರ್ಷ ನಡೆಯುತ್ತಿದ್ದಿತು. ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು. ಲಾರ್ಡ್ ಲಾರೆನ್ಸನ ಸರ್ಕಾರವು ಈ ದತ್ತಕವನ್ನು ರಾಜ್ಯದ ಹಕ್ಕಿಗೆ ಆಧಾರವೆಂದು ಒಪ್ಪಲಿಲ್ಲ. ಮಹಾರಾಜರು ಕುಗ್ಗದೆ ಬರೆವಣಿಗೆಯನ್ನು ಮುಂದುವರಿಸಿದರು. ಇಂಗ್ಲೆಂಡಿನಲ್ಲಿಯೂ ಇವಾನ್ಸ್ ಬೆಲ್ ಮೊದಲಾದವರು ಮೈಸೂರಿನ ಪಕ್ಷವನ್ನು ವಹಿಸಿ ಬರೆದರು. ಕೊನೆಗೆ 1867ರ ಏಪ್ರಿಲಿನಲ್ಲಿ ಭಾರತಮಂತ್ರಿಯಾದ ಸರ್ ಸ್ಟಾಫರ್ಡ್ ನಾರ್ತ್‌ಕೋಟನು ದತ್ತಪುತ್ರನ ಮೂಲಕ ರಾಜವಂಶವನ್ನು ಉಳಿಸುವುದಾಗಿಯೂ, ಬಾಲಕನಿಗೆ ತಕ್ಕ ಶಿಕ್ಷಣವನ್ನು ಕೊಡಿಸಬೇಕೆಂದೂ ತೀರ್ಮಾನಿಸಿ ಬರೆದನು.

ಈ ಮಾತು ಬಂದು ವರ್ಷ ತುಂಬುವುದರೊಳಗಾಗಿ, 1868ರ ಮಾರ್ಚಿ 27ರಂದು ಮಹಾರಾಜರು ಸ್ವರ್ಗಸ್ಥರಾದರು. ಮಗನೊಡನೆ ಅವರು ಕಳೆದುದು ಮೂರು ವರ್ಷವೂ ಅಲ್ಲ. ಆಗ ಬಾಲಕನಿಗೆ ಐದು ವರ್ಷ. ಅವರಿಗೆ ಪಟ್ಟವಾದಾಗ ಇದ್ದುದೂ ಹೆಚ್ಚುಕಡಮೆ ಅದೇ ವಯಸ್ಸು. ಅದೇ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರರಿಗೆ ಪಟ್ಟಾಭಿಷೇಕವಾಯಿತು. 1869ರಿಂದ ಮಾಲೆಸನ್ ಎಂಬ ಸೇನಾಧಿಕಾರಿಯು ಪೋಷಕನಾಗಿದ್ದು ವಿದ್ಯಾಭ್ಯಾಸವನ್ನು ನೋಡಿಕೊಂಡನು. ಹದಿನೆಂಟು ತುಂಬಿದ ಮೇಲೆ, 1881ರ ಮಾರ್ಚಿ 25ರಂದು, ಐವತ್ತು ವರ್ಷಗಳ ಹಿಂದೆ ಹೋದ ರಾಜ್ಯಭಾರವು ಅವರ ಕೈಗೆ ಮರಳಿ ಬಂದಿತು. ಆ ವರ್ಷವೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ತಂದೆಯು ಮೂವತ್ತೇಳು ವರ್ಷ ಬೇಡಿ ಪಡೆಯಲಾರದುದನ್ನು ಮಗನು ಪಡೆದನು. ಅದನ್ನು ನೋಡಲು ತಂದೆಯಿರಲಿಲ್ಲ.

ಇಷ್ಟನ್ನು ಓದಿದ ವಾಚಕರು, 'ವೃದ್ಧನಾದವನು ಮಗುವನ್ನು ಪಡೆದು ಅದನ್ನು ಅನಾಥವಾಗಿಸಬಾರದು' ಎಂಬ ನೀತಿಯನ್ನು ಎತ್ತಿಕೊಳ್ಳಬಹುದು. ಆದರೆ ಕಥೆಯು ಇಲ್ಲಿಗೆ ಮುಗಿಯದು. ಚಾಮರಾಜೇಂದ್ರರು ಯೌವನದಲ್ಲಿಯೇ ಮಕ್ಕಳನ್ನು ಪಡೆದರು. ಹೀಗಿದ್ದರೂ 1894ರ ಡಿಸೆಂಬರ್ 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡರು. ಹಿರಿಯ ಮಗ ನಾಲ್ವಡಿ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಎಪ್ಪತ್ತರ ತಂದೆಯ ಮಗನಿಗೆ ಒದಗಿದ ಗತಿಯೇ ಇಪ್ಪತ್ತೊಂದರ ತಂದೆಯ ಮಗನಿಗೂ ಒದಗಿತು. ಆ ಬಾಲಕನನ್ನು ಕಾಪಾಡಿದವರು ತಾಯಿ ವಾಣೀವಿಲಾಸ ಸನ್ನಿಧಾನದವರು. 1902ರವರೆಗೆ ರಾಜಪ್ರತಿನಿಧಿಯಾಗಿದ್ದು, ರಾಜ್ಯವನ್ನೂ ಮಗನ ವಿದ್ಯೆಯನ್ನೂ ಒಟ್ಟಿಗೆ ನಡೆಸಿದರು. ಮುಂದೆ ಆ ಮಗನು ರಾಜರ್ಷಿಯೆನಿಸಿಕೊಂಡನು.

ಆದುದರಿಂದ ವಯಸ್ಸಿನ ಲೆಕ್ಕವೊಂದರಿಂದಲೇ ಈ ಪ್ರಶ್ನೆಯು ತೀರದು. ಹಾಗೆಂದು ಆ ಲೆಕ್ಕವನ್ನು ತಳ್ಳಿಹಾಕುವುದೂ ಸಲ್ಲದು. ತಾಯಿಯ ವಯಸ್ಸು ಏರಿದಂತೆ ಗರ್ಭಪಾತ, ರಕ್ತದೊತ್ತಡ, ಗರ್ಭಕಾಲದ ಸಕ್ಕರೆಕಾಯಿಲೆಗಳ ಭಯವು ಏರುವುದು. ಡೌನ್ ಸಿಂಡ್ರೋಮ್ ಎಂಬ ಜನ್ಮದೋಷವು ತಾಯಿಗೆ 25ರ ವಯಸ್ಸಿನಲ್ಲಿ ಸುಮಾರು 1,200 ಶಿಶುಗಳಲ್ಲಿ ಒಂದಕ್ಕೆ ಕಂಡುಬಂದರೆ, 40ರಲ್ಲಿ ಸುಮಾರು 100ರಲ್ಲಿ ಒಂದಕ್ಕೆ ಕಾಣುವುದೆಂದು ವೈದ್ಯರು ಹೇಳುವರು. ಸಂತಾನೋತ್ಪತ್ತಿಗೆ ನೆರವಾಗುವ ಚಿಕಿತ್ಸೆಯನ್ನು ಕುರಿತ 2021ರ ಕಾಯಿದೆಯು ಸ್ತ್ರೀಯರಿಗೆ 50, ಪುರುಷರಿಗೆ 55 ವರ್ಷಗಳ ಮಿತಿಯನ್ನು ಗೊತ್ತುಮಾಡಿದೆ. ದತ್ತಕವನ್ನು ಕುರಿತ 2022ರ ನಿಯಮಾವಳಿಯಂತೆ ಎರಡು ವರ್ಷದೊಳಗಿನ ಶಿಶುವನ್ನು ಪಡೆಯುವ ದಂಪತಿಗಳ ವಯಸ್ಸುಗಳ ಮೊತ್ತವು 85ನ್ನು ಮೀರಕೂಡದು. ಮಗುವಿನ ವಯಸ್ಸು ಏರಿದಂತೆ ಈ ಮಿತಿಯೂ ಏರುವುದು. ಈ ನಿಯಮದ ತಕ್ಕಡಿಯಲ್ಲಿ ತೂಗಿದರೆ ಮುಮ್ಮಡಿಯವರಿಗೆ ಚಾಮರಾಜೇಂದ್ರರು ದೊರೆಯುತ್ತಲೇ ಇರಲಿಲ್ಲ. 1956ರ ಹಿಂದೂ ದತ್ತಕ ಕಾಯಿದೆಯು ಇಂತಹ ಮೇಲಿನ ಮಿತಿಯನ್ನು ಹಾಕದಿದ್ದರೂ, ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದೂ, ವಿಧವೆಯು ತನ್ನ ಸ್ವಂತ ಹಕ್ಕಿನಿಂದಲೇ ಪಡೆಯಬಹುದೆಂದೂ, ಗಂಡನು ಹೆಂಡತಿಯ ಒಪ್ಪಿಗೆಯಿಲ್ಲದೆ ಪಡೆಯಕೂಡದೆಂದೂ ವಿಧಿಸಿತು. ಹಿಂದೆ ವಂಶಕ್ಕೆ ಪುತ್ರನು ಬೇಕಾಗಿದ್ದನು. ಈಗ ಕಾನೂನು ಮೊದಲು ಕೇಳುವುದು ಮಗುವಿನ ಹಿತವನ್ನು.

ಈ ವ್ಯತ್ಯಾಸವೇ ವಿಚಾರದ ತಿರುಳು. ಮಹಾರಾಜರು ವಂಶಕ್ಕಾಗಿ ಮಗುವನ್ನು ತಂದರು; ಆದರೆ ಆ ಮಗುವು ಬೆಳೆದು ದೊರೆಯಾದುದು, ಅವರು ಹೋದ ಮೇಲೆ ಅದರ ಪಾಲನೆ ಪೋಷಣೆ ವಿದ್ಯೆಗಳಿಗೆ ಏರ್ಪಾಡಿದ್ದುದರಿಂದ. ನಾಲ್ವಡಿಯವರು ಉಳಿದುದು ತಾಯಿಯ ದೃಢತೆಯಿಂದ. ಅರಮನೆಗೆ ಇದ್ದ ಅನುಕೂಲಗಳು ತಂಬ್ರಹಳ್ಳಿಯ ಒಕ್ಕಲು ಮನೆಗಾಗಲಿ ಕೊಟ್ಟೂರಿನ ಅಂಗಡಿಕಾರನಿಗಾಗಲಿ ಇರಲಾರವು. ಹಾಗಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರಮಾವ, ಚಿಕ್ಕಮ್ಮ ಎಂಬ ಬಳಗವು ಅವರಿಗೂ ಉಂಟು; ಅವರೊಡನೆ ಮೊದಲೇ ಕುಳಿತು ಮಾತನಾಡುವುದಕ್ಕೆ ಯಾರ ಸನ್ನದೂ ಬೇಕಿಲ್ಲ. ಇಳಿವಯಸ್ಸಿನಲ್ಲಿ ಮಗುವನ್ನು ಬಯಸುವ ದಂಪತಿಗಳು ತಮ್ಮ ದೇಹಬಲವನ್ನು ವೈದ್ಯರಲ್ಲಿ ವಿಚಾರಿಸುವಂತೆಯೇ, ಮಗುವು ಹತ್ತು ವರ್ಷದ್ದಾಗುವಾಗ ತಮ್ಮ ವಯಸ್ಸೆಷ್ಟು, ಅಷ್ಟರಲ್ಲಿ ತಾವಿಲ್ಲವಾದರೆ ಅದರ ಕೈಹಿಡಿಯುವವರು ಯಾರು ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಅದಕ್ಕೆ ತಕ್ಕ ಉತ್ತರವುಳ್ಳವರಿಗೆ ನಲವತ್ತೈದು ವರ್ಷವೂ ತಡವಲ್ಲ. ಇಲ್ಲದವರಿಗೆ ಇಪ್ಪತ್ತೈದೂ ಅವಸರವೇ ಸರಿ. ಯೋಚಿಸಿ ಬೇಡವೆಂದು ನಿಶ್ಚಯಿಸಿದವರನ್ನು ಬಂಜೆತನದ ಮಾತಿನಿಂದ ನೋಯಿಸುವ ಅಧಿಕಾರವು ನೆರೆಹೊರೆಯವರಿಗಿಲ್ಲ. ಬೇಕೆಂದು ನಿಶ್ಚಯಿಸಿದವರನ್ನು ನಗುವ ಅಧಿಕಾರವೂ ಇಲ್ಲ.